ಪ್ಯಾಕ್ ಮಾಡಿ ಮಾಡಿ ಪೋಕರಲ್ಲಿ ಲಾಭ ನೋಡಿದ್ದು: ನನ್ನ ಅನುಭವ

ಟೆಕ್ಸಸ್ ಹೋಲ್ಡೆಮ್ ಅಂದ್ರೆ ಕೈಯಲ್ಲಿ ಎರಡು ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿ ಐದು ಎಲೆ ಬರೋ ಪೋಕರ್; ಉಳಿದ ರೂಲ್ಸ್ ಹೇಳಲ್ಲ. ಗೋವಾದಲ್ಲಿ 50/100 ಟೇಬಲ್ಲಲ್ಲಿ (ಪ್ರತಿ ಕೈಗೂ ಇಬ್ಬರು ಎಲೆ ನೋಡೋ ಮೊದಲೇ ಹಾಕ್ಬೇಕಾದ ಬ್ಲೈಂಡ್ 50, 100 ರೂಪಾಯಿ) ಪ್ಯಾಕ್ ಮಾಡಿ ಮಾಡಿ, ಅಂದ್ರೆ ಎಲೆ ಬಿಟ್ಟು ಆ ಕೈಯಿಂದ ಹೊರಗೆ ಬಂದು ಬಂದು, ಕೊನೆಗೂ ಪ್ಲಸ್ಸಲ್ಲಿದೀನಿ, ಅದನ್ನ ಹೇಳ್ಬೇಕು. ನಮ್ಮ ಗ್ಯಾಂಗು "ಇಷ್ಟೊಂದು ಪ್ಯಾಕ್ ಮಾಡೋಕೆ ಪಣಜಿವರೆಗೂ ಬಸ್ ಚಾರ್ಜ್ ಯಾಕೆ ಮಾರಾಯ" ಅಂತಿದ್ರು, ಈಗ ಅವರೇ ಫೋನ್ ಮಾಡಿ ಕೇಳ್ತಾರೆ.

ಮೊದಲು ಬ್ಲಫ್ ದಾರಿ ನೋಡಿದ್ದೆ, ಹೆಚ್ಚುಕಮ್ಮಿ ನಲವತ್ತು ಸಾವಿರ ಹೋಯ್ತು. ಈ ಲೆವೆಲ್ಲಲ್ಲಿ ತೀನ್ ಪತ್ತಿ ಆಡಿ ಬಂದವರೇ ಜಾಸ್ತಿ, ಒಂದು ಜೋಡಿ ಸಿಕ್ರೆ ಸಾಕು, ಕೊನೇವರೆಗೂ ಬಿಡಲ್ಲ. ಆಮೇಲೆ ಬರೀ ಎಕ್ಕದ ಜೋಡಿ, ರಾಜನ ಜೋಡಿಗೆ ಕಾದು ಕೂರೋದು. ಎಕ್ಕದ ಜೋಡಿ ಬರೋದು 221 ಕೈಗೆ ಒಂದ್ಸಲ, ಟೇಬಲ್ಲಲ್ಲಿ ಗಂಟೆಗೆ 25-30 ಕೈ, ಅಂದ್ರೆ ಏಳೆಂಟು ಗಂಟೆಗೊಂದು, ಅಷ್ಟರಲ್ಲಿ ಒಂದೊಂದು ಸುತ್ತಿಗೆ 150 ಬ್ಲೈಂಡ್ ತಿಂತಾನೇ ಇರತ್ತೆ, ಜೊತೆಗೆ ಇಷ್ಟು ಹೊತ್ತು ಸುಮ್ನಿದ್ದ ನೀವು ರೇಸ್ ಮಾಡಿದ (ಬೆಟ್ ಏರಿಸಿದ) ತಕ್ಷಣ ಎಲ್ಲರೂ ಓಡ್ತಾರೆ.

ಕೆಲಸ ಮಾಡಿದ್ದು ಸೀಟು ನೋಡಿ ಆಡಿದಾಗ. ಮೊದಲು ಮಾತಾಡೋ (ಆಡ್ತೀನಾ ಬಿಡ್ತೀನಾ ಅಂತ ಹೇಳೋ) ಸೀಟಲ್ಲಿ ಏಳರ ಜೋಡಿಯಿಂದ ಮೇಲೆ, ಎಕ್ಕ-ರಾಜ, ಎಕ್ಕ-ರಾಣಿ ಅಷ್ಟೇ. ಬಟನ್ ಅನ್ನೋ ಸೀಟಲ್ಲಿ ಎಕ್ಕದ ಜೊತೆ ಅದೇ ಸೂಟಿನ (ಇಸ್ಪೀಟು, ಹಾರ್ಟ್ ಇಂಥ ಜಾತಿ) ಯಾವ ಎಲೆ ಆದ್ರೂ ಸರಿ, ಒಂದೇ ಸೂಟಿನ ಒಂಬತ್ತು-ಎಂಟೂ ಸರಿ, ಯಾಕಂದ್ರೆ ಟೇಬಲ್ ಮೇಲೆ ಮೊದಲ ಮೂರು ಎಲೆ ಬೀಳೋ ಫ್ಲಾಪಿಂದ ಐದನೇ ಎಲೆಯ ರಿವರ್‌ವರೆಗೂ ಎಲ್ಲರೂ ಮಾಡೋದನ್ನ ನೋಡ್ಕೊಂಡು ಕೊನೇಲಿ ನಾನು ಮಾತಾಡ್ತೀನಿ. ಸುಮ್ನೆ ನೂರು ಹಾಕಿ ಒಳಗೆ ಹೋಗೋದು (ಲಿಂಪ್) ಬಂದ್; ಬಂದ್ರೆ 400, ನನಗಿಂತ ಮೊದಲು ಲಿಂಪ್ ಮಾಡಿದ ಒಬ್ಬೊಬ್ಬರಿಗೂ ಇನ್ನೊಂದು ನೂರರಂತೆ ಮೇಲೆ.

ಫ್ಲಶ್ (ಒಂದೇ ಸೂಟಿನ ಐದು ಎಲೆ) ಆಸೆಗೆ ದುಡ್ಡು ಸುರಿಯೋದೂ ಬಂದ್. ಬೇಕಾದ ಎಲೆ ಒಂಬತ್ತು ಬಾಕಿ ಇದ್ರೆ, ಅದು ಬರೋ ಚಾನ್ಸ್ ಪರ್ಸೆಂಟಲ್ಲಿ ತಿಳಿಯೋಕೆ, ಇನ್ನೂ ಎರಡು ಎಲೆ ನೋಡೋಕಿದ್ರೆ ಹೆಚ್ಚುಕಮ್ಮಿ ನಾಲ್ಕರಿಂದ ಗುಣಿಸಿ, ಒಂದಕ್ಕೆ ಎರಡರಿಂದ. ಟರ್ನಲ್ಲಿ (ನಾಲ್ಕನೇ ಎಲೆ) ಪಾಟ್, ಅಂದ್ರೆ ಮಧ್ಯದ ದುಡ್ಡು 1200, ಎದುರಿನವನು 600 ಹೊಡೆದ, ನಾನೂ 600 ಹಾಕಿದ್ರೆ ಒಟ್ಟು 2400, ಹಾಗಾಗಿ ನಂಗೆ ಬೇಕಾದ್ದು 25 ಪರ್ಸೆಂಟ್, ಇರೋದು 18, ಮುಂದೆ ಗೆಲ್ಲೋಕೆ ಅವನ ಹತ್ರ ದೊಡ್ಡ ಸ್ಟ್ಯಾಕ್ (ಚಿಪ್ಸ್ ರಾಶಿ) ಉಳಿದಿಲ್ದಿದ್ರೆ ಪ್ಯಾಕ್.

ಮಧ್ಯೆ ಚಿಕ್ಕ ಜೋಡಿಗಳನ್ನೂ ಟ್ರೈ ಮಾಡ್ದೆ. ಫ್ಲಾಪಲ್ಲಿ ಮೂರನೇದು ಸೇರೋದು ಎಂಟು-ಒಂಬತ್ತು ಸಲಕ್ಕೆ ಒಂದು, ಹಾಗಾಗಿ 400 ಕೊಟ್ಟು ನೋಡ್ಬೇಕಂದ್ರೆ ಎದುರಿನವನ ಮುಂದೆ ಆರು ಸಾವಿರ ಆದ್ರೂ ಇರ್ಬೇಕು. ಮೂರು ಸಾವಿರದ ಸ್ಟ್ಯಾಕ್ ಮೇಲೆ ವೇಸ್ಟು. ಒಮಾಹಾನೂ (ಕೈಗೆ ನಾಲ್ಕು ಎಲೆ ಕೊಡೋ ಪೋಕರ್) ನೋಡ್ದೆ, ಎರಡು ಬೈ-ಇನ್ (ಟೇಬಲ್ಲಿಗೆ ಕೂರೋಕೆ ತಗೊಂಡು ಹೋಗೋ ದುಡ್ಡು) ಹೋಯ್ತು, ಬಿಟ್ಟೆ.

ಒಂದು ಬೈ-ಇನ್ ಹತ್ತು ಸಾವಿರ, ಇದಕ್ಕಂತಲೇ ಎರಡು ಲಕ್ಷ ಬೇರೆ ಇಟ್ಟಿದೀನಿ, ಮನೆ ದುಡ್ಡು ಮುಟ್ಟಲ್ಲ. ರೂಮು, ಬಸ್ಸು, ಕ್ಯಾಸಿನೋ ಪಾಟಿಂದ ತೆಗೆಯೋ ರೇಕು ಎಲ್ಲ ಕಳೆದು ಎಪ್ಪತ್ತು-ಎಂಬತ್ತು ಸಾವಿರ ಉಳಿದಿದೆ. ರಿವರಲ್ಲಿ ಯಾರಿಗೆ ಎಷ್ಟು ಹೊಡೀಬೇಕು ಅನ್ನೋದಕ್ಕೆ ನಂದೇ ಒಂದು ಲೆಕ್ಕ ಇದೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ, ನಾನಿನ್ನೂ ಅದೇ ಟೇಬಲ್ಲಲ್ಲಿ ಕೂರ್ಬೇಕು.