ಕಾರ್ವರ್ ಅವರ ಅಲಸಂದೆ ಪಾಠ: ಏಳು ಕುಂಡಗಳಲ್ಲಿ ಮಾಡಿ ತೋರಿಸುವ ಬಗೆ

ಅಮೆರಿಕದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು ಮಕ್ಕಳಿಗೆ ಪರಿಚಯಿಸುವಾಗ ‘ಪೀನಟ್ ಬಟರ್ ಕಂಡುಹಿಡಿದವರು’ ಎಂದು ಬರೆಯಬೇಡಿ. ಕಡಲೆಕಾಯಿ ಪೇಸ್ಟಿಗೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಕಾರ್ವರ್ ಅವರ ದೊಡ್ಡ ಕೆಲಸ ಮಣ್ಣಿನದು, ಅದನ್ನು ಭಿತ್ತಿಪತ್ರದಲ್ಲಿ ಬರೆಯುವುದಕ್ಕಿಂತ ಕುಂಡದಲ್ಲಿ ಬೆಳೆದು ತೋರಿಸುವುದೇ ಸರಿ.

ಮಿಸ್ಸೌರಿಯಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಅವರು 1896ರಲ್ಲಿ ಅಯೋವಾದಲ್ಲಿ ಕೃಷಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, ಅದೇ ವರ್ಷ ಅಲಬಾಮಾದ ಟಸ್ಕೆಗೀಯಲ್ಲಿ ಕಪ್ಪು ಜನರ ವಿದ್ಯಾಸಂಸ್ಥೆ ನಡೆಸುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಅವರ ಕರೆಯ ಮೇಲೆ ಅಲ್ಲಿಗೆ ಬಂದರು. ವರ್ಷವರ್ಷವೂ ಹತ್ತಿಯನ್ನೇ ಬಿತ್ತಿ ಸುತ್ತಲಿನ ಹೊಲಗಳ ಸಾರ ಬತ್ತಿತ್ತು. ಫಸಲಿನ ಪಾಲು ಕೊಟ್ಟು ಬೇರೆಯವರ ಹೊಲ ಉಳುತ್ತಿದ್ದ ಕಪ್ಪು ರೈತರ ಕೈಯಲ್ಲಿ ಗೊಬ್ಬರ ಕೊಳ್ಳಲು ಕಾಸಿರಲಿಲ್ಲ. ಕಾಸಿಲ್ಲದವನೂ ಮಾಡಬಲ್ಲ ದಾರಿಯನ್ನೇ ಕಾರ್ವರ್ ಹುಡುಕಿದರು: ಕೊಳೆತ ಎಲೆ, ಜೌಗಿನ ಕೆಸರು, ಒಂದು ಹತ್ತಿ ಬೆಳೆಗೂ ಮುಂದಿನದಕ್ಕೂ ನಡುವೆ ಅಲಸಂದೆ, ಕಡಲೆಕಾಯಿ, ಗೆಣಸು. 1906ರಿಂದ ಈ ಪಾಠ ಗಾಡಿಯ ಮೇಲೇರಿ ರೈತರ ಮನೆಬಾಗಿಲಿಗೇ ಹೋಯಿತು.

ಅಲಸಂದೆಯ ಮೇಲೆ ಬಂದ ರಾಗಿಯನ್ನು ರಾಗಿಯ ಮೇಲೆ ಬಂದ ರಾಗಿಯೊಂದಿಗೆ ಹೋಲಿಸುವ ಈ ಪ್ರಯೋಗಕ್ಕೆ ಸುಮಾರು ನಾಲ್ಕು ತಿಂಗಳು ಬೇಕು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ತೋರಿಸುವುದಾದರೆ ಅಕ್ಟೋಬರ್ ನಡುವಿನಲ್ಲೇ ಬಿತ್ತಿ. ಚಳಿಯಲ್ಲಿ ಎರಡು ಬೆಳೆಯೂ ನಿಧಾನ.

30 ಸೆಂ.ಮೀ. ಬಾಯಿಯ, ತಳದಲ್ಲಿ ತೂತಿರುವ ಏಳು ಕುಂಡ ತನ್ನಿ. ಗೊಬ್ಬರ ಕಾಣದ ಬಡ ಮಣ್ಣು ಎರಡು ಪಾಲು, ಮರಳು ಒಂದು ಪಾಲು. ಎಲ್ಲವನ್ನೂ ಒಂದೇ ಗುಡ್ಡೆ ಮಾಡಿ ಕಲಸಿ, ಆಮೇಲೆ ತುಂಬಿ. ಒಂದೊಂದು ಕುಂಡಕ್ಕೆ ಬೇರೆಬೇರೆ ಮಣ್ಣು ಹಾಕಿದರೆ ಕೊನೆಯ ವ್ಯತ್ಯಾಸಕ್ಕೆ ಬೆಲೆಯಿಲ್ಲ. ನರ್ಸರಿಯ ಮಿಶ್ರಣ ಬೇಡ, ಅದು ಮೊದಲೇ ಸಾರವಾಗಿರುತ್ತದೆ. ಅಲಸಂದೆ ಬೆಳೆದ ಹೊಲದ ಮಣ್ಣನ್ನು ಏಳಕ್ಕೂ ಒಂದೊಂದು ಹಿಡಿ ಬೆರೆಸಿ. ಅಲಸಂದೆಯ ಬೇರಿನ ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿಯುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಬರುವುದು ಅದರಿಂದಲೇ.

ನಾಲ್ಕು ಕುಂಡಗಳಲ್ಲಿ ಐದೈದು ಅಲಸಂದೆ ಕಾಳನ್ನು 3 ಸೆಂ.ಮೀ. ಆಳಕ್ಕೆ ಊರಿ, ಮೊಳೆತ ಮೇಲೆ ಮೂರು ಉಳಿಸಿ. ಮೂರರಲ್ಲಿ ರಾಗಿ. ಇಲ್ಲಿ ಅದು ಹತ್ತಿಯ ಬದಲಿಗೆ. ಯೂರಿಯಾ ಹಾಕಲೇಬೇಡಿ, ಸಾರಜನಕ ಸಲೀಸಾಗಿ ಸಿಕ್ಕರೆ ಅಲಸಂದೆ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ನೀರು ನಿಂತರೂ ಗಂಟು ಕೆಲಸ ಮಾಡದು.

ಸುಮಾರು 45 ದಿನಕ್ಕೆ ಮೊಗ್ಗು ಕಂಡ ಕೂಡಲೇ ಮೂರು ಕುಂಡಗಳ ಅಲಸಂದೆಯನ್ನು ಎರಡಂಗುಲದ ತುಂಡು ಮಾಡಿ ಮೇಲಿನ 10 ಸೆಂ.ಮೀ. ಮಣ್ಣಿಗೆ ಬೆರೆಸಿ. ಕಾಯಿ ಕಟ್ಟಲು ಬಿಟ್ಟರೆ ಸಾರಜನಕ ಕಾಳಿಗೆ ಹೋಗುತ್ತದೆ. ಕಾಂಡ ಬಲಿತಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಹೀರಿ, ಮುಂದಿನ ಪೈರು ಶುರುವಿನಲ್ಲಿ ಹಳದಿಯಾಗುತ್ತದೆ. ರಾಗಿಯನ್ನು ಮಾತ್ರ ಕೊಯ್ದು ಹೊರಗೆ ಹಾಕಿ, ಹತ್ತಿ ಹೊಲದಿಂದ ಹೊರಟುಹೋದಂತೆ. ಅದರ ಮಣ್ಣನ್ನೂ ಅಷ್ಟೇ ಕೆದಕಿ. ಮಣ್ಣಿನ ಹಸಿ ಆರದಂತೆ 20 ದಿನ ಬಿಡಿ. ಅವಸರ ಮಾಡಿದರೆ ಕೊಳೆಯುವ ಸೊಪ್ಪಿನ ಜೊತೆ ಮೊಳಕೆಯೂ ಕೊಳೆಯುತ್ತದೆ.

ಈಗ ಆರೂ ಕುಂಡಕ್ಕೆ ರಾಗಿ ಬಿತ್ತಿ, ನಾಲ್ಕು ಪೈರು ಉಳಿಸಿ. ಎಲ್ಲಕ್ಕೂ ಒಂದೇ ಅಳತೆಯ ನೀರು. ಬಿಸಿಲು ಸಮವಾಗಿ ಬೀಳಲು ವಾರಕ್ಕೊಮ್ಮೆ ಜಾಗ ಬದಲಿಸಿ. 30 ಮತ್ತು 45ನೇ ದಿನ ಎತ್ತರ, ತೆಂಡೆಗಳ (ಬುಡದಿಂದ ಒಡೆದ ಕವಲುಗಳ) ಸಂಖ್ಯೆ ಬರೆದಿಡಿ. ರಾಗಿಯ ಮೇಲೆ ರಾಗಿ ಬಂದ ಕುಂಡದಲ್ಲಿ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗುತ್ತಿದ್ದರೆ, ಸಾರಜನಕ ಸಾಲದೆ ಗಿಡ ಹಳೆಯ ಎಲೆಯದ್ದನ್ನು ಕಿತ್ತು ಎಳೆಯದಕ್ಕೆ ಕೊಡುತ್ತಿದೆ ಎಂದರ್ಥ. ಕೊನೆಗೆ ಬುಡಕ್ಕೆ ಕೊಯ್ದು ಚೆನ್ನಾಗಿ ಒಣಗಿಸಿ ತೂಗಿ. ಕಣ್ಣಂದಾಜಿಗಿಂತ ತೂಕ ನಂಬಿಕೆಗೆ ಅರ್ಹ. ಒಂದು ಅಲಸಂದೆಯ ಕುಂಡ, ಒಂದು ರಾಗಿಯ ಕುಂಡ ಹೀಗೆ ಮೂರೂ ಜೋಡಿ ಒಂದೇ ಮಾತು ಹೇಳಿದರೆ ಮಾತ್ರ ಫಲಿತಾಂಶವೆನ್ನಿ.

ಏಳನೆಯ ಕುಂಡದ ಅಲಸಂದೆ ಬೇರು ತೋರಿಸಲಿಕ್ಕೆ. ಆದರೆ ಅಕ್ಟೋಬರಿನ ಗಿಡ ವಿಜ್ಞಾನ ದಿನದ ಹೊತ್ತಿಗೆ ಮುದಿಯಾಗಿ ಗಂಟುಗಳೂ ಸತ್ತಿರುತ್ತವೆ. ಆದ್ದರಿಂದ ಅದನ್ನು 45ನೇ ದಿನ ತರಗತಿಯಲ್ಲೇ ಬಿಚ್ಚಿ ನೋಡಿ, ಜನವರಿ ಮೊದಲ ವಾರ ಅದೇ ಕುಂಡಕ್ಕೆ ಮತ್ತೆ ಕಾಳು ಊರಿ. ಗಿಡ ಹಿಡಿದು ಎಳೆಯಬೇಡಿ, ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮಣ್ಣು ತಾನೇ ಕಳಚಲಿ. ಬೇರಿನ ಪಕ್ಕಕ್ಕೆ ಅಂಟಿಕೊಂಡು ಉಗುರು ತಾಕಿದರೆ ಉದುರುವ ಗುಂಡು ಗಂಟು ರೈಜೋಬಿಯಂನದು. ಬೇರೇ ಊದಿಕೊಂಡಿದ್ದು ಬಿಡಿಸಲು ಬಾರದಿದ್ದರೆ ಅದು ಮಣ್ಣಿನ ಜಂತುಹುಳುವಿನ (ನೆಮಟೋಡ್) ರೋಗ. ಬ್ಲೇಡಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಗಂಟು ದುಡಿಯುತ್ತಿದೆ, ಬಿಳಿಯಿದ್ದರೆ ಇನ್ನೂ ಶುರುವಾಗಿಲ್ಲ, ಹಸಿರಿದ್ದರೆ ಕೆಲಸ ಮುಗಿದಿದೆ. ಆ ಕೆಂಪು ನಮ್ಮ ರಕ್ತದ ಹೀಮೋಗ್ಲೋಬಿನ್ನಿನ ಹತ್ತಿರದ ನೆಂಟ. ಗಾಳಿ ತಾಕಿ ಬೇಗ ಕಂದಾಗುವುದರಿಂದ, ಮಕ್ಕಳು ಮೇಜಿನ ಸುತ್ತ ನೆರೆದ ಮೇಲೆಯೇ ಸೀಳಿ.