ಗಿಫ್ಟ್ ಪೇಪರ್‌ಗೆ ಹಳೇ ಕಾಲದ ಕಳೆ ಬರ್ಸೋದು ಹೇಗೆ

ಅಜ್ಜಿಯ ಪೆಟ್ಟಿಗೆಯಿಂದ ಈಗಷ್ಟೇ ತೆಗ್ದಂಗೆ ಕಾಣೋ ಗಿಫ್ಟ್ ಕೊಡ್ಬೇಕು ಅಂತ ತುಂಬಾ ಜನ ಟ್ರೈ ಮಾಡ್ತಾರೆ, ನಾನು ನೋಡಿದೋರೆಲ್ಲ ಎಡವೋದು ಪೇಪರನ್ನ ಟೀಲಿ ನೆನೆಸಿ ಒಣಗಿಸೋ ಹಂತದಲ್ಲೇ.

ಮೊದ್ಲು ಪೇಪರ್. ಸ್ಕೂಲ್ ಬುಕ್ಕಿಗೆ ಬೈಂಡ್ ಹಾಕೋ ಬ್ರೌನ್ ಶೀಟ್ ಸಾಕು, ತಿಳಿ ಬಣ್ಣದ್ದು ಸಿಕ್ರೆ ಇನ್ನೂ ಒಳ್ಳೇದು. ಒಂದು ಹನಿ ನೀರು ಹಾಕಿ ನೋಡಿ, ಹೀರ್ಕೊಳ್ದೆ ಮುತ್ತಿನ ಹಾಗೆ ನಿಂತ್ರೆ ಮೇಲೆ ಪ್ಲಾಸ್ಟಿಕ್ ಇದೆ, ಬೇಡ. ಕಲೆಗಳನ್ನ ಪ್ರಿಂಟ್ ಮಾಡಿ ಮಾರ್ತಾರಲ್ಲ ಆ ಪೇಪರ್ ಅಂತೂ ತರ್ಲೇಬೇಡಿ, ಒಂದೇ ಕಲೆ ಗೇಣಿಗೊಂದ್ಸಲ ಬರುತ್ತೆ.

ಅರ್ಧ ಲೀಟರ್ ನೀರಿಗೆ 4 ಚಮಚ ಟೀ ಪುಡಿ ಹಾಕಿ 10 ನಿಮಿಷ ಕುದಿಸಿ, ಸೋಸಿ, ಆರಿಸಿ. ಸ್ಟೀಲ್ ಪಾತ್ರೆನೇ ಇರ್ಲಿ, ಟೀ ಒಗರು ಅಂದ್ರೆ ಟ್ಯಾನಿನ್, ಅದು ಕಬ್ಬಿಣದ ಜೊತೆ ಸೇರಿದ್ರೆ ಕಪ್ಪಾಗುತ್ತೆ. ಮಿಕ್ಕ ಟೀ ಇದ್ಯಲ್ಲ ಅಂತ ಹಾಲು ಸಕ್ಕರೆ ಹಾಕಿದ್ದನ್ನ ಸುರೀಬೇಡಿ, ಇರುವೆ ಮುತ್ತುತ್ತೆ.

ಈಗ ನಿಜವಾದ ಕೆಲಸ. ಒಣ ಪೇಪರನ್ನೇ ಉಂಡೆ ಮಾಡಿ ಚೆನ್ನಾಗಿ ಮುದುರಿ, ಬಿಡಿಸಿ, ಮತ್ತೆ ಮುದುರಿ, ಮೂರ್ನಾಲ್ಕು ಸಲ. ಮುದುರಿದ ಕಡೆ ನಾರು ಮುರಿದಿರುತ್ತೆ, ಅಲ್ಲಿ ಟೀ ಜಾಸ್ತಿ ಇಳಿದು ಗೆರೆಗಳು ತಾವಾಗೇ ಗಾಢ ಆಗ್ತವೆ. ಒದ್ದೆ ಮಾಡಿದ್ಮೇಲೆ ಮುದುರೋಕೆ ಹೋದ್ರೆ ಹರಿಯುತ್ತೆ ಅಷ್ಟೆ. ಅಗಲ ತಟ್ಟೇಲಿ 5 ನಿಮಿಷ ನೆನೆಸಿ, ಎತ್ತುವಾಗ ಮೂಲೆ ಹಿಡಿದು ಎಳೀಬೇಡಿ, ಟೀನ ಬಗ್ಗಿಸಿ ಚೆಲ್ಲಿ ಕೆಳಗಡೆ ಎರಡೂ ಅಂಗೈ ಕೊಟ್ಟು ಎತ್ತಿ. ಹಳೇ ಪಂಚೆ ಮೇಲೆ ಹರಡಿ, ನೆರಳಲ್ಲಿ. ತಂತಿ ಮೇಲೆ ನೇತು ಹಾಕಿದ್ರೆ ಬಣ್ಣ ಎಲ್ಲ ಇಳಿದು ಕೆಳಗಿನ ಅಂಚಲ್ಲಿ ಪಟ್ಟಿ ಕಟ್ಟುತ್ತೆ, ನ್ಯೂಸ್ ಪೇಪರ್ ಮೇಲೆ ಹಾಕಿದ್ರೆ ಇಂಕ್ ಅಂಟುತ್ತೆ. ಹೇರ್ ಡ್ರೈಯರ್ ಹಿಡಿಯೋ ಶಾರ್ಟ್‌ಕಟ್ ನಂಗೆ ಹಿಡಿಸಲ್ಲ, ಒಂದೊಂದು ಕಡೆ ಬೇಗ ಒಣಗಿ ಪೇಪರ್ ಸೊಟ್ಟ ಆಗುತ್ತೆ. ರಾತ್ರಿ ಹಾಕಿ ಬೆಳಗ್ಗೆ ನೋಡಿ. ಇನ್ನೂ ಸ್ವಲ್ಪ ಹಸಿ ಇದ್ದಾಗ ಮೇಲೆ ಬಟ್ಟೆ ಹಾಕಿ ಇಸ್ತ್ರಿ.

ಅಂಚು ಸುಡೋದು ಬೇಡ, ಅಪಾಯ, ನೋಡೋಕೂ ನಾಟಕದ ರಾಜಪತ್ರದ ಹಾಗಿರುತ್ತೆ. ಗಿಫ್ಟ್ ಸುತ್ತಿದ್ಮೇಲೆ ಮೂಲೆ ಮತ್ತು ಏಣುಗಳಿಗೆ ಮಾತ್ರ ನಯವಾದ ಸ್ಯಾಂಡ್ ಪೇಪರ್ ಎರಡು ಸಲ ಎಳೀರಿ, ಕೈ ತಾಗಿ ತಾಗಿ ಸವೆಯೋದು ಅಲ್ಲೇ ತಾನೆ.

ಕೊನೇಲಿ ಸೆಣಬಿನ ಹುರಿ, ಗಂಟಿನ ಮೇಲೆ ಒಂದು ತೊಟ್ಟು ಅರಗು. ಸೆಲ್ಲೋಟೇಪ್ ಹೊಳಪು ಕಂಡ್ರೆ ಮಾಡಿದ್ದೆಲ್ಲ ವೇಸ್ಟ್, ಮಡಿಕೆ ಒಳಗೆ ಮೈದಾ ಅಂಟು ಹಚ್ಚಿ ಒಂದು ಗಂಟೆ ಪುಸ್ತಕದ ಭಾರ ಇಡಿ.