ಮಾಸ್ಕ್ ಹಾಕಿದರೆ ಉಪಯೋಗ ಇದೆಯಾ? ಹಾಕುವುದಾದರೆ ಹೀಗೆ ಹಾಕಿ

ಅರಸೀಕೆರೆಯಲ್ಲಿ ನಮ್ಮದೊಂದು ಚಿಕ್ಕ ಮೆಡಿಕಲ್ ಶಾಪ್. ಶೀತಜ್ವರದ ಕಾಲ ಬಂದರೆ ಮಾಸ್ಕ್ ಕೇಳುವವರ ಜೊತೆಗೇ ಈ ಮಾತೂ ಬರುತ್ತದೆ: "ಅಕ್ಕಾ, ಮಾಸ್ಕ್ ಹಾಕೋದು ವೇಸ್ಟ್ ಅಂತ ವಾಟ್ಸಾಪಲ್ಲಿ ಬಂದಿದೆ, ನಿಜಾನಾ?" ಗಿರಾಕಿಗಳ ನಡುವೆ ಪೂರ್ತಿ ಹೇಳಲು ಆಗುವುದಿಲ್ಲ, ಇಲ್ಲಿ ಹೇಳುತ್ತೇನೆ.

ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆಯೊಂದು 2023ರ ಜನವರಿಯಲ್ಲಿ ಬಂತು. ಅದು ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಮಾಸ್ಕ್‌ನಿಂದ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂದಿತು. ಮಾರ್ಚ್‌ನಲ್ಲಿ ಕಾಕ್ರೇನ್ ಲೈಬ್ರರಿಯ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಅವರೇ, 'ಮಾಸ್ಕ್ ಕೆಲಸ ಮಾಡುವುದಿಲ್ಲ' ಎಂದು ಓದಿಕೊಂಡರೆ ತಪ್ಪು, ಇರುವ ಪುರಾವೆಯಿಂದ ತೀರ್ಮಾನಕ್ಕೆ ಬರಲಾಗದು ಎಂದು ಸ್ಪಷ್ಟಪಡಿಸಿದರು. ಈ ಎರಡನೇ ಮಾತು ಜನರವರೆಗೆ ಬರಲೇ ಇಲ್ಲ, ನನಗೆ ಬೇಜಾರು ಅದೇ.

ಇಂಥ ಸುದ್ದಿ ಕಂಡಾಗ ಮೊದಲು ಕೇಳಬೇಕಾದ್ದು: ಪ್ರಯೋಗದಲ್ಲಿ ಜನ ನಿಜವಾಗಿ ಮಾಸ್ಕ್ ಹಾಕಿದ್ದರಾ? ಬಾಂಗ್ಲಾದೇಶದ ಸುಮಾರು 600 ಹಳ್ಳಿಗಳಲ್ಲಿ, 3.4 ಲಕ್ಷ ಜನರ ಮೇಲೆ ಕೋವಿಡ್ ಹೊತ್ತಿನಲ್ಲಿ ದೊಡ್ಡ ಪ್ರಯೋಗ ನಡೆಯಿತು. ಮಾಸ್ಕ್ ಹಂಚಿ, ಬೆನ್ನುಹತ್ತಿ ಹೇಳಿದ ಮೇಲೂ ಹಾಕಿದವರು 100ಕ್ಕೆ 42 ಮಂದಿ. ಮಾಸ್ಕ್ ಹಂಚದ ಹಳ್ಳಿಗಳಲ್ಲಿ 13. ಅಷ್ಟಕ್ಕೇ ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣವಿದ್ದು ರಕ್ತಪರೀಕ್ಷೆಯಲ್ಲೂ ಖಚಿತವಾದ ಸೋಂಕು ಶೇ. 11ರಷ್ಟು ಇಳಿಯಿತು, 60 ದಾಟಿದವರಲ್ಲಿ ಶೇ. 35. ಬಟ್ಟೆ ಮಾಸ್ಕ್‌ನಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಹಾಗಾಗಿ ಮನೆಯಲ್ಲಿ ವಯಸ್ಸಾದವರಿದ್ದರೆ ನಾನು ಬಟ್ಟೆಯದನ್ನು ಕೊಡುವುದಿಲ್ಲ.

ಸರ್ಜಿಕಲ್ ಮಾಸ್ಕ್‌ನ ನೀಲಿ ಬದಿ ಹೊರಗೆ, ತಂತಿ ಮೇಲೆ, ನೆರಿಗೆ ಕೆಳಮುಖ. ಕೆನ್ನೆಯ ಹತ್ತಿರ ಸಂದು ಬಿಟ್ಟರೆ ಗಾಳಿಯೆಲ್ಲ ಅಲ್ಲಿಂದಲೇ ನುಗ್ಗುತ್ತದೆ. ಕಿವಿಯ ಎಲಾಸ್ಟಿಕ್‌ಗೆ ಮಾಸ್ಕ್‌ನ ಬುಡದಲ್ಲೇ ಒಂದು ಗಂಟು ಹಾಕಿ, ಉಬ್ಬಿದ ಅಂಚನ್ನು ಒಳಕ್ಕೆ ಮಡಚಿ. ಮೂಗಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಬೇಡಿ, ಮಧ್ಯೆ ಚೂಪಾಗಿ ಎರಡೂ ಪಕ್ಕ ತೆರೆದುಕೊಳ್ಳುತ್ತದೆ. ಎರಡೂ ಕೈಯ ಬೆರಳನ್ನು ಮೂಗಿನ ಮೇಲಿಟ್ಟು ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಿ. ಕನ್ನಡಕ ಮಂಜಾದರೆ ಇನ್ನೂ ಕೂತಿಲ್ಲ ಅಂತ ಅರ್ಥ.

ರೋಗಿಯ ಆರೈಕೆ ಮಾಡುವವರಿಗೆ ಎನ್‌95 ಒಳ್ಳೆಯದು. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕತ್ತಿನ ಹಿಂದಕ್ಕೆ. ಜೋರಾಗಿ ಉಸಿರು ಎಳೆದರೆ ಮಾಸ್ಕ್ ಸ್ವಲ್ಪ ಒಳಕ್ಕೆ ಎಳೆದುಕೊಳ್ಳಬೇಕು. ಗಡ್ಡವಿದ್ದರೆ ಸರಿಯಾಗಿ ಕೂರುವುದಿಲ್ಲ. ದಯವಿಟ್ಟು ಎನ್‌95 ಮಾಸ್ಕನ್ನು ತೊಳೆಯಬೇಡಿ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಹಾಗೆ ಅದರ ಒಳಪದರದ ಎಳೆಗಳು ವಿದ್ಯುದಾವೇಶದಿಂದ ಕಣಗಳನ್ನು ಹಿಡಿಯುತ್ತವೆ. ಸೋಪು, ಸ್ಯಾನಿಟೈಸರ್ ಬಿದ್ದರೆ ಆ ಶಕ್ತಿ ಹೋಯಿತು. ಮಾಸ್ಕ್ ನೋಡಲು ಮೊದಲಿನಂತೇ ಇರುವುದರಿಂದ ಜನ ಮೋಸ ಹೋಗುತ್ತಾರೆ. 2020ರಲ್ಲಿ ನಾನೂ ತೊಳೆದು ತಂತಿಗೆ ಒಣಹಾಕುತ್ತಿದ್ದೆ. ಅತ್ತೆಗೆ ಉಬ್ಬಸ, ಈಗಲೂ ನೆನೆದರೆ ಸಂಕಟವಾಗುತ್ತದೆ. ಕೊಳೆಯಾಗದಿದ್ದರೆ ಪೇಪರ್ ಕವರಿನಲ್ಲಿಟ್ಟು ಕೆಲವು ಸಲ ಬಳಸಬಹುದು, ಪಟ್ಟಿ ಸಡಿಲವಾದರೆ ಬಿಸಾಕಿ.

ಹೊಲದಲ್ಲಿ ಒಬ್ಬರೇ ಇದ್ದಾಗ ಬೇಡ. ಕಿಟಕಿ ಮುಚ್ಚಿದ ಬಸ್ಸು, ಆಸ್ಪತ್ರೆಯ ಒಪಿಡಿ ಸಾಲು, ಜ್ವರದವರು ಮಲಗಿರುವ ಕೋಣೆ, ಇಲ್ಲಿ ಮಾತ್ರ ಬಿಡಬೇಡಿ. ಕೋಣೆಯ ಕಿಟಕಿಯನ್ನೂ ತೆಗೆದಿಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಬಾರದು. ಕೆಮ್ಮುವವರಿಗೆ ವಾಲ್ವ್ ಇರುವ ಮಾಸ್ಕ್ ತರಬೇಡಿ; ಅವರ ಉಸಿರು ಆ ವಾಲ್ವ್‌ನಿಂದ ಸೋಸದೆ ನೇರ ಹೊರಗೆ ಬರುತ್ತದೆ.